ಅರ್ಧಕ್ಕೆ ನಿಂತ ಪದ

ತುಂಗಭದ್ರೆಯ ದಂಡೆಯ ಮೇಲೆ ಅಡವಯ್ಯ ಎಂಬ ಗುರುವಿನ ಆಶ್ರಮವಿತ್ತು. ಸುತ್ತಲಿನ ಬಂಡೆಗಳನ್ನು, ಹಳೆಯ ಗುಡಿಗಳನ್ನು ನೋಡಲು ಪರದೇಶದವರು ಬರುತ್ತಿದ್ದರು.

ಬಂದವರ ಜೊತೆ ಮಾತಾಡಬೇಕೆಂದು ಶಿಷ್ಯ ಪಂಪಣ್ಣ ನಿಘಂಟು ಹಿಡಿದು ಇಂಗ್ಲಿಷ್ ಕಲಿಯುತ್ತಿದ್ದ. ‘ಎ’ಯಿಂದ ಹೊರಟವನು ನಲವತ್ತನೆಯ ವಯಸ್ಸಿಗೆ ‘ಎಚ್’ ತಲುಪಿದ್ದ.

ಒಂದು ಬೆಳಿಗ್ಗೆ ಅವನು ಹೊಳೆಗೆ ಓಡೋಡಿ ಬಂದ. ಗುರುಗಳು ಬಟ್ಟೆ ಒಗೆಯುತ್ತಿದ್ದರು.

“ಗುರುಗಳೇ, ಸೋಜಿಗ ಕೇಳಿ! ‘ಹಾಸ್’ ಅಂತ ಶುರುವಾಗುವ ಪದಗಳೆಲ್ಲ ಬಾಯಿಗೆ ಬಂದವು. ಹಾಸ್ಟೆಲ್ ಅಂದರೆ ವಸತಿಗೃಹ. ಹಾಸ್ಟೇಜ್ ಅಂದರೆ ಒತ್ತೆಯಾಳು. ಹಾಸ್ಪಿಟಲ್ ಅಂದರೆ ಆಸ್ಪತ್ರೆ. ಹಾಸ್ಪಿಟಾಲಿಟಿ ಅಂದರೆ ಅತಿಥಿ ಸತ್ಕಾರ!”

“ಎಲ್ಲವೂ ಒಂದೇ ಥರ ಕೇಳಿಸುತ್ತವಲ್ಲ. ಗುರುತು ಹೇಗೆ ಹಿಡಿಯುತ್ತೀ?”

“ಬಾಲದಿಂದ, ಗುರುಗಳೇ! ತಲೆ ಒಂದೇ, ಬಾಲ ಬೇರೆ!”

ಆಗಲೇ ಬಂಡೆಗಳ ಕಡೆಯಿಂದ ಪರದೇಶದ ಹೆಂಗಸೊಬ್ಬಳು ಓಡಿ ಬಂದಳು. ಒಂದು ಕೈ ಕುತ್ತಿಗೆಯ ಮೇಲಿತ್ತು.

“ಹಾಸ್ಪಿ...” ಅಂದಳು. ಮುಂದಕ್ಕೆ ಉಸಿರು ಸಾಲಲಿಲ್ಲ.

ಪಂಪಣ್ಣ ಕುಣಿದಾಡಿಬಿಟ್ಟ. “ಕೇಳಿದಿರಾ? ನಮ್ಮ ಸತ್ಕಾರ ಬಯಸಿ ಬಂದಿದ್ದಾರೆ!”

ಓಡಿಹೋಗಿ ಚಾಪೆ ತಂದ. ಬಾಳೆಹಣ್ಣು ತಂದ. ಲೋಟದ ತುಂಬ ಮಜ್ಜಿಗೆ ತಂದ. ಅವಳು ಲೋಟವನ್ನು ತಳ್ಳಿದಳು. ಮಜ್ಜಿಗೆ ಮರಳಿನ ಪಾಲಾಯಿತು.

“ಹಾಸ್ಪಿ... ಹಾಸ್ಪಿ...”

“ಬೇರೆ ಪದವೇನೋ! ಒಂದು ಕ್ಷಣ, ನೋಡಿಬಿಡುತ್ತೇನೆ!” ಪಂಪಣ್ಣ ನಿಘಂಟಿನ ಹಾಳೆ ತಿರುವತೊಡಗಿದ.

ಅಷ್ಟರಲ್ಲಿ ಗುರುಗಳು ಒದ್ದೆ ಕೈಯಲ್ಲೇ ಹತ್ತಿರ ಬಂದಿದ್ದರು. ಅವಳ ತುಟಿ ಊದಿತ್ತು. ಕುತ್ತಿಗೆಯ ತುಂಬ ಕೆಂಪು ಗಂಧೆ. ಕೂದಲಲ್ಲಿ ಒಂದು ಜೇನುಹುಳ ಸಿಕ್ಕಿಕೊಂಡಿತ್ತು.

ಗುರುಗಳು ಅವಳನ್ನು ಎತ್ತಿಕೊಂಡೇ ಕೂಗಿದರು. “ಅಂಬಿಗಾ, ಹರಿಗೋಲು ತಾ! ಆಚೆ ದಡಕ್ಕೆ, ಡಾಕ್ಟರ ಹತ್ತಿರ!”

ಪಂಪಣ್ಣ ನಿಘಂಟನ್ನು ಬಿಸಾಡಿ ಹರಿಗೋಲಿಗೆ ಹಾರಿದ. ಇನ್ನೊಂದು ಹುಟ್ಟು ಹಿಡಿದು ತೋಳು ಕಿತ್ತುಬರುವ ಹಾಗೆ ನೀರು ಹಿಂದೆ ತಳ್ಳಿದ. ಸದಾ ಸುತ್ತುತ್ತ ಹೋಗುವ ಹರಿಗೋಲು ಅಂದು ನೆಟ್ಟಗೆ ಹೋಯಿತು.

ಡಾಕ್ಟರು ಸೂಜಿಮದ್ದು ಕೊಟ್ಟರು. ನಿಧಾನಕ್ಕೆ ಅವಳ ಉಸಿರು ಸಲೀಸಾಯಿತು. ಮಧ್ಯಾಹ್ನದ ಹೊತ್ತಿಗೆ ಎದ್ದು ಕೂತು, ಇಬ್ಬರಿಗೂ ಕೈಮುಗಿದು ನಕ್ಕಳು.

“ಕೆಲವರ ಮೈಗೆ ಜೇನಿನ ವಿಷ ತಡೆಯುವುದಿಲ್ಲ,” ಅಂದರು ಡಾಕ್ಟರು. “ಇನ್ನೈದು ನಿಮಿಷ ತಡವಾಗಿದ್ದರೆ ಕಷ್ಟವಿತ್ತು.”

ಮರಳಿ ಬರುವಾಗ ಪಂಪಣ್ಣ ಹರಿಗೋಲಿನಲ್ಲಿ ಗುರುಗಳ ಎದುರಿಗೆ ಕೂತ.

“ಬದುಕಿದರಲ್ಲ, ಗುರುಗಳೇ! ಬದುಕಿದರು!” ಅಂದ. ಆಮೇಲೆ ದನಿ ತಗ್ಗಿತು. “ತಮಗೆ ಇಂಗ್ಲಿಷಿನ ಒಂದಕ್ಷರವೂ ಬಾರದು. ಹೇಗೆ ತಿಳಿಯಿತು?”

“ಅರ್ಧ ಪದವನ್ನು ಬಾಯಲ್ಲಿ ಹೇಳಿದಳು. ಉಳಿದರ್ಧ ಅವಳ ಮುಖದ ಮೇಲಿತ್ತು. ನೀನು ಅದನ್ನು ಪುಸ್ತಕದಲ್ಲಿ ಹುಡುಕಿದೆ.”

ಪಂಪಣ್ಣ ತಲೆ ತಗ್ಗಿಸಿದ. “ಹಾಗಾದರೆ ಕಲಿಯುವುದನ್ನು ಬಿಟ್ಟುಬಿಡಲೇ?”

“ಯಾಕೆ ಬಿಡುತ್ತೀ? ಕಲಿ. ಆ ‘ಎಚ್’ ಆದ ಮೇಲೆ ಯಾವುದು ಬರುತ್ತದೆ?”

“‘ಐ’ ಬರುತ್ತದೆ, ಗುರುಗಳೇ. ಅದು ಬರೀ ಅಕ್ಷರವಲ್ಲ, ಒಂದಕ್ಷರದ ಪದವೂ ಹೌದು!”

“ಏನರ್ಥ ಅದಕ್ಕೆ?”

“‘ನಾನು’ ಅಂತ.”

ಹರಿಗೋಲು ದಡ ಮುಟ್ಟಿತು. ಗುರುಗಳು ಕಾಲು ಇಳಿಸಿದರು.

“ಅದನ್ನು ದಾಟಿಕೊಂಡು ಮುಂದಕ್ಕೆ ಹೋಗು.”