ಕೂಗದ ಸೈರನ್

"ಗುರುಗಳೇ, ನಾನು ತಂತ್ರಾಂಶ ತುಂಬಿ ಕಟ್ಟಿದ ಕಂಟೇನರ್ ಇಮೇಜಿನ ಮೇಲೆ ಎರಡೂ ಜಾತಿಯ ಪ್ರೊಸೆಸರ್‌ಗಳ ಹೆಸರಿದೆ. ನನ್ನ ಯಂತ್ರದಲ್ಲಿ ಅದು ಓಡಿದೆ. ಇನ್ನೊಂದು ಜಾತಿಯ ಯಂತ್ರದಲ್ಲೂ ಓಡಿಸಿ ನೋಡಲೇಬೇಕೆ?" ಎಂದು ಶಿಷ್ಯೆ ಕೇಳಿದಳು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ತಂತ್ರಜ್ಞನಿದ್ದ. ಅಣೆಕಟ್ಟಿನ ಬಾಗಿಲು ತೆರೆಯುವಾಗ ಸೈರನ್ ಕೂಗಿಸಿ ಕೆಳಗಿನ ಊರನ್ನು ಎಚ್ಚರಿಸುವ ತಂತ್ರಾಂಶ ಅವನದು. ಕಚೇರಿಯ ಯಂತ್ರದ ಪ್ರೊಸೆಸರ್ ಒಂದು ಜಾತಿಯದು. ಹೊಳೆದಂಡೆಯ ಸೈರನ್ ಕಂಬದಲ್ಲಿದ್ದ ಪುಟ್ಟ ಯಂತ್ರದ್ದು ಇನ್ನೊಂದು. ಒಂದಕ್ಕೆ ತಿಳಿಯುವ ಆಜ್ಞೆ ಇನ್ನೊಂದಕ್ಕೆ ತಿಳಿಯದು. ಆದ್ದರಿಂದ ಅವನು ಎರಡಕ್ಕೂ ಬೇರೆ ಬೇರೆ ಇಮೇಜ್ ಕಟ್ಟಿದ. ಆದರೆ ಒಳಗಿನ ತಂತ್ರಾಂಶವನ್ನು ಮತ್ತೊಮ್ಮೆ ಸಿದ್ಧಪಡಿಸಲು ಬೇಸರವಾಗಿ, ಕಚೇರಿಯ ಯಂತ್ರಕ್ಕೆಂದು ಮಾಡಿದ್ದನ್ನೇ ಎರಡರೊಳಗೂ ನಕಲು ಮಾಡಿಟ್ಟ. ಹೊರಗಿನ ಹೆಸರುಗಳು ಸರಿಯಾಗಿದ್ದವು. ಕಚೇರಿಯಲ್ಲಿ ಓಡಿಸಿದ, ಓಡಿತು.

ಊರಿನವರನ್ನು ಸೇರಿಸಿ, "ಇನ್ನು ಯಾರೂ ಹೊಳೆಯ ಮೇಲೆ ಕಣ್ಣಿಟ್ಟು ಕೂರಬೇಕಾಗಿಲ್ಲ. ಸೈರನ್ ಕೂಗಿದಾಗ ಎದ್ದರೆ ಸಾಕು" ಎಂದ.

ಒಂದು ಮಧ್ಯಾಹ್ನ ಅವನು ಅಣೆಕಟ್ಟಿನ ಕೆಳಗಿನ ರಸ್ತೆಯಲ್ಲಿ ಬರುತ್ತಿದ್ದ. ಬಾಗಿಲು ಮೇಲೇಳುವುದು ಕಾಣಿಸಿತು. ಸೈರನ್ ಕೇಳಿಸಲಿಲ್ಲ. ತಾನು ನಕಲು ಮಾಡಿಟ್ಟದ್ದು ಅವನಿಗೆ ಆಗ ನೆನಪಾಯಿತು. ದಂಡೆಗೆ ಓಡಿದ. ಹೊಳೆಯ ನಡುವಿನ ಬಂಡೆಗಳ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು.

"ನೀರು ಬಿಟ್ಟಿದ್ದಾರೆ! ಎದ್ದು ಬನ್ನಿ!" ಎಂದು ಕಿರುಚಿದ.

ಅವರಲ್ಲಿ ಹಿರಿಯಳು ನಕ್ಕಳು. "ನೋಡ್ರೇ, ಸೈರನ್ ಸಾಹೇಬ್ರು ನಮಗೆ ಪರೀಕ್ಷೆ ಇಟ್ಟಿದ್ದಾರೆ! ನೀರು ಬಂದ್ರೆ ಅದೇ ಕೂಗತ್ತಲ್ಲಪ್ಪಾ, ನಿನ್ನ ಗಂಟಲು ಯಾಕೆ ಹರ್ಕೋತೀಯ?"

"ಅದು ಕೂಗಲ್ಲ ತಾಯೀ! ನನ್ನ ಮಾತು ಕೇಳಿ!"

"ನಿನ್ನ ಮಾತು ಕೇಳಿಯೇ ಕೂತಿದೀವಿ" ಎಂದು ಅವಳು ಇನ್ನೊಂದು ಸೀರೆಯನ್ನು ನೀರಿಗದ್ದಿದಳು.

ಅವನು ಹೊಳೆಗಿಳಿದ. ಪಾದದಷ್ಟಿದ್ದ ನೀರು ನೋಡುತ್ತಿದ್ದಂತೆಯೇ ಮೊಣಕಾಲಿಗೇರಿತು. ಮಣ್ಣು ಕಲಸಿ ಅದರ ಬಣ್ಣ ಕೆಂಪಾಗಿತ್ತು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

"ಆ ಹೆಂಗಸರು ಅವನನ್ನು ನಂಬಿದರೇ, ಗುರುಗಳೇ?"

"ನಂಬಿದರು ಮಗಳೇ, ಅವನು ಮೊದಲು ಹೇಳಿದ ಮಾತನ್ನು."