ಅಂಗಡಿ ಬಿಟ್ಟ ಜೀವನಚರಿತ್ರೆ

ನೂರೈವತ್ತು ವರ್ಷದ ಹಿಂದೆ ಅಮೆರಿಕದ ಒಂದೂರಲ್ಲಿ ಎಜ್ರಾ ಟಿಲ್ಸನ್ ಎಂಬ ದಿನಸಿ ವರ್ತಕ, ದೇವರ ದಯೆಯಿಂದ, ಶಾಸನಸಭೆಗೆ ಗೆದ್ದ. ಗೆದ್ದವನೇ ತನ್ನ ಜೀವನಚರಿತ್ರೆ ಬರೆಯಲು ಗುಮಾಸ್ತನನ್ನು ಕೂರಿಸಿದ.

"ನಾನೀಗ ಶಾಸಕ, ದಿನಸಿಯವನಲ್ಲ. ಅಂಗಡಿಯ ಸುದ್ದಿ ಒಂದಕ್ಷರ ಬಂದರೂ ನಿನ್ನ ಕೆಲಸ ಹೋಯಿತು!"

ಗುಮಾಸ್ತ ಆರು ಸಲ ಬರೆದ. ಎಲ್ಲೋ ಉಪ್ಪಿನ ಪೀಪಾಯಿ ಇಣುಕಿತೆಂದು ಆರು ಸಲವೂ ಧಣಿ ಹರಿದೆಸೆದ. ಬಡಪಾಯಿಗೆ ಸಾಕುಸಾಕಾಯಿತು. "ತಾಳ್ಮೆ ಕೊಡಪ್ಪಾ ದೇವರೇ" ಎಂದು ಏಳನೆಯ ಸಲ ಎರಡೇ ಸಾಲು ಬರೆದುಕೊಟ್ಟ: 'ಟಿಲ್ಸನ್ನರು ಹುಟ್ಟಿದರು. ಐವತ್ತನೆಯ ವಯಸ್ಸಿಗೆ ಚುನಾವಣೆ ಗೆದ್ದರು.'

"ನಡುವಿನ ವರ್ಷಗಳೆಲ್ಲ ಎಲ್ಲಯ್ಯಾ?"

"ಅಂಗಡಿಯಲ್ಲಿವೆ, ಧಣಿ."

"ಮತ್ತೆ ಜನ ನನಗೇಕೆ ಓಟು ಹಾಕಿದರು ಅಂತ ಬರೆದೇ ಇಲ್ಲವಲ್ಲ!"

"ತೂಗಿದ ಮೇಲೆ ನೀವು ಕೊಡುತ್ತಿದ್ದ ಒಂದು ಹಿಡಿ ಕೊಸರಿಗೆ ಹಾಕಿದರು. ಅದೂ ಅಂಗಡಿಯ ಸುದ್ದಿಯೇ."

ಟಿಲ್ಸನ್ ಹಾಳೆಯನ್ನು ಹರಿಯದೆ ಗುಮಾಸ್ತನ ಕಡೆಗೇ ಸರಿಸಿದ. ಆಮೇಲೆ ಮೆಲ್ಲಗೆ ಅಂದ: "ಸಕ್ಕರೆಗೆ ಎರಡು ಹಿಡಿ ಕೊಡುತ್ತಿದ್ದೆ. ಸರಿಯಾಗಿ ಬರಿ."