ಪುಟ್ಟಬುದ್ಧಿಯ ಒಬ್ಬರ ಗಾಡಿ

ಕೊಳ್ಳೇಗಾಲದಲ್ಲಿ ಒಬ್ಬ ಪೆದ್ದ. ಎಲ್ಲಿದ್ದಾನೆ ಅಂತ ಅತ್ತಿತ್ತ ನೋಡಬೇಡಿ, ನಿಮ್ಮೆದುರಿಗೇ ಕೂತು ಎಲೆಅಡಿಕೆ ಹಾಕ್ತಿದ್ದಾನೆ. ನಾನೇ. ಹೆಸರು ಪುಟ್ಟಬುದ್ಧಿ. ಹೆತ್ತವರು ನೋಡೇ ಇಟ್ಟಿರಬೇಕು!

ಚಿಕ್ಕಂದಿನಿಂದ ನನ್ನ ಎರಡು ಕಾಲೂ ಸಣಕಲು. ನಾಲ್ಕು ಹೆಜ್ಜೆ ಇಟ್ಟರೆ ಕೂರಬೇಕು. ಮೀಸೆ ನರೆತರೂ ನಮ್ಮವ್ವ ಗುರುಮಲ್ಲಮ್ಮನ ಹೆಗಲು ಹಿಡೀದೆ ಬೀದಿ ದಾಟಿದವನಲ್ಲ. ಅವ್ವ ಹಣೆ ಹಣೆ ಚಚ್ಚಿಕೊಳ್ಳೋಳು. "ದೇವ್ರು ಕಾಲು ಕಿತ್ಕೊಂಡ, ಸರಿ. ತಲೆನಾದ್ರೂ ಬಿಡಬಾರದಿತ್ತಾ!"

ಒಂದು ದಿನ ಅಕ್ಕನ ಗಂಡ ಶಿವಮಲ್ಲಪ್ಪ ಬಾವ ಮೈಸೂರಿಂದ ನಾಲ್ಕು ಚಕ್ರದ ಬ್ಯಾಟರಿ ಗಾಡಿ ತಂದ್ರು. ಕುರ್ಚಿಗೆ ಚಕ್ರ ಬಂದ ಹಾಗಿತ್ತು.

"ಈ ಹಿಡಿ ಒತ್ತು, ಓಡುತ್ತೆ. ಬಿಡು, ನಿಲ್ಲುತ್ತೆ. ಮುಂದಿನ ಅಮಾವಾಸ್ಯೆಗೆ ಬರ್ತೀನಿ. ಅಷ್ಟರಲ್ಲಿ ಒಬ್ಬನೇ ಓಡಿಸೋದು ಕಲಿತಿದ್ರೆ ಗಾಡಿ ನಿಂದು. ಇಲ್ದಿದ್ರೆ ವಾಪಸ್! ನೀನು ಲಾರಿ ಕೆಳಗೆ ಹೋದ್ರೆ ನಿಮ್ಮಕ್ಕ ನನ್ನ ಉಳಿಸ್ತಾಳಾ?"

ಮಾರನೆ ದಿನ ನಾನು ಗಾಡಿ ಹತ್ತಿ ಹೊರಟಾಗ ಅವ್ವ ಬಾಗಿಲಲ್ಲಿ ನಿಂತು ಹೇಳಿದಳು: "ತಿರುಗೋ ಮುಂಚೆ ಕೈ ತೋರಿಸು ಮಗ."

ಆಗಲಿ ಅಂದೆ. ಮೂಲೆಗೆ ಬಂದೆ. ಗಾಡಿ ನಿಲ್ಲಿಸಿ ಅಂಗೈ ಬಿಚ್ಚಿ ತೋರಿಸಿದೆ. ಬಾಳೆಹಣ್ಣಿನವನು ನೋಡಿದ, ಅಯ್ಯೋ ಪಾಪ ಅಂದ, ಒಂದು ಹಣ್ಣು ಇಟ್ಟ. ತಿರುಗಿದೆ. ಮುಂದಿನ ಮೂಲೆಯಲ್ಲಿ ತೋರಿಸಿದೆ. ಯಾರೋ ಅಜ್ಜಿ ಅರ್ಧ ಬನ್ನು ಇಟ್ಟಳು. ತಿರುಗಿದೆ. ಮನೆಗೆ ಬರೋ ಹೊತ್ತಿಗೆ ಹೊಟ್ಟೆ ತುಂಬಿತ್ತು.

"ಅಯ್ಯೋ ನನ್ನ ಕರ್ಮವೇ! ತಿರುಪೆ ಎತ್ತೋಕೆ ಕಳಿಸಿದ್ನೇನೋ? ಕೈ ಚಾಚೋದು ತಿರುಗೋ ಕಡೆಗೆ ಕಣೋ! ನಾಳೆ ನೆಟ್ಟಗೆ ಹೋಗು. ಎದುರಿಗೆ ಯಾರೇ ಬರಲಿ, ಹಾರ್ನ್ ಹೊಡಿ."

ಆಗಲಿ ಅಂದೆ. ಮಾರನೆ ದಿನ ನೆಟ್ಟಗೆ ಹೋದೆ. ಮರದ ಸಾಮಾನಿನ ಅಂಗಡಿ ಹತ್ತಿರ ಎದುರಿಗೆ ಒಬ್ಬ ಬಂದ. ನನ್ನಂಥದೇ ಗಾಡಿ! ಹಾರ್ನ್ ಹೊಡೆದೆ. ಅವನು ಜರುಗಲಿಲ್ಲ. ಮತ್ತೆ ಹೊಡೆದೆ. ನನ್ನನ್ನೇ ದುರುಗುಟ್ಟಿ ನೋಡಿದ. ಎಂಥಾ ಪೆದ್ದು ಮುಖ ಅಂತೀರಿ! ಇಂಥವನಿಗೆ ಯಾರಪ್ಪಾ ಗಾಡಿ ಕೊಟ್ಟೋರು ಅನ್ನಿಸ್ತು. ಬಡಬಡ ಬಡಬಡ ಹಾರ್ನ್ ಹೊಡೆದೆ.

ಅಂಗಡಿಯವನು ಕಿವಿ ಮುಚ್ಕೊಂಡು ಹೊರಗೆ ಬಂದ. "ಏನಣ್ಣ ನಿನ್ನ ಗಲಾಟೆ?"

"ಅವನಿಗೆ ಹೇಳಿ, ದಾರಿ ಬಿಡಲಿ!"

"ಅದು ಬೀರುವಿನ ಕನ್ನಡಿ ಕಣಣ್ಣ!"

ಅವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅವನು ಬಿಡದಿದ್ರೆ ನೀನು ಬಿಡೋ! ಯಾರಾದ್ರೂ ಅಡ್ಡ ಇದ್ರೆ ನಿಂತ್ಕೋ. ಅವರು ಹೋದ ಮೇಲೆ ನೀನು ಹೋಗು."

ಆಗಲಿ ಅಂದೆ. ಮಾರನೆ ದಿನ ಬೀದಿ ಮಧ್ಯೆ ಒಂದು ಎಮ್ಮೆ ಮಲಗಿತ್ತು. ನಿಂತೆ. ಅದು ಮೆಲುಕು ಹಾಕಿತು. ನಾನು ಕಾದೆ. ಅದು ಕಿವಿ ಆಡಿಸಿತು. ನಾನು ಕಾದೆ. ಹೋಗೋರು ಬರೋರು ಹೇಳಿದ್ರು, "ಪಕ್ಕದಲ್ಲಿ ಅಷ್ಟು ಜಾಗ ಇದೆಯಲ್ಲೋ!" ನಾನು ಹೇಳಿದೆ, "ಅದು ಮೊದಲು ಹೋಗಲಿ."

ಬಿಸಿಲು ನೆತ್ತಿಗೆ ಬಂದಾಗ ಎಮ್ಮೆ ಎದ್ದಿತು. ಅದು ಹೋಯಿತು, ಹಿಂದೆ ನಾನು ಹೋದೆ. ಅದು ಸಂದಿಗೆ ತಿರುಗಿತು, ಕೈ ಚಾಚಿ ನಾನೂ ತಿರುಗಿದೆ. ಅದು ಕೊಟ್ಟಿಗೆಗೆ ನುಗ್ಗಿತು, ನಾನೂ ನುಗ್ಗಿದೆ.

ಎಮ್ಮೆಯ ಯಜಮಾನಿ ಸಗಣಿ ಕೈಯಲ್ಲೇ ಎದ್ದು ನಿಂತಳು. "ಯಾರಣ್ಣ ನೀನು? ಹಾಲು ಬೇಕಿತ್ತಾ?"

"ಇಲ್ಲಕ್ಕ, ಅಂಗಡಿ ಬೀದಿಗೆ ಹೊರಟಿದ್ದೆ."

ಸಂಜೆ ಅವ್ವ ಬೈದಳು, ಬೈದಳು, ಬಾಯಿ ಒಣಗೋ ತನಕ ಬೈದಳು. "ಆ ಎಮ್ಮೆಗೆ ಅದರ ಮನೆ ದಾರಿನಾದ್ರೂ ಗೊತ್ತು! ಸುತ್ಕೊಂಡು ಹೋಗೋದಕ್ಕೇನೋ ರೋಗ?"

"ಹೆದರಿಕೆ ಆಯ್ತವ್ವ."

"ಹೆದರಿಕೆ ಆದ್ರೆ ಕೈ ಬಿಟ್ಬಿಡು, ಗಾಡಿ ತಾನೇ ನಿಲ್ಲುತ್ತೆ."

ಆಗಲಿ ಅಂದೆ. ಮಾರನೆ ದಿನ ಗಿರಣಿಯಲ್ಲಿ ರಾಗಿ ಬೀಸಿಸಿಕೊಂಡು ಬರ್ತಿದ್ದೆ. ಒಂದು ಕೈಲಿ ಗಾಡಿಯ ಹಿಡಿ, ಇನ್ನೊಂದು ಕೈಲಿ ಮಡಿಲ ಮೇಲಿನ ಹಿಟ್ಟಿನ ಡಬ್ಬಿ. ಹಿಂದಿಂದ ಆಟೋದವನು ಪೋಂ ಅಂದ. ಎದೆ ಝಲ್ ಅಂತು. ಕೈ ಬಿಟ್ಬಿಟ್ಟೆ. ಡಬ್ಬಿ ಹಿಡಿದಿದ್ದ ಕೈ! ಗಾಡಿ ನಿಲ್ಲಲಿಲ್ಲ, ಹಿಟ್ಟು ನಿಲ್ಲಲಿಲ್ಲ. ಚರಂಡಿ ಕಟ್ಟೆಗೆ ಗುದ್ದಿ ನಿಂತಾಗ ತಲೆಯಿಂದ ಕಾಲಿನ ತನಕ ರಾಗಿ ಹಿಟ್ಟು.

ಈ ಸಲ ಅವ್ವ ಬೈಲಿಲ್ಲ. ಸೆರಗಿನಲ್ಲಿ ನನ್ನ ಮುಖ ಒರೆಸಿದಳು. "ನಾನು ಹೋದ ಮೇಲೆ ನಿನ್ನ ಬೀದಿ ದಾಟಿಸೋರು ಯಾರೋ, ಮಗ?"

"ಎಲ್ಲಿಗೆ ಹೋಗ್ತೀಯವ್ವ?"

ಅವ್ವ ನನ್ನನ್ನೇ ನೋಡಿದಳು. ಕಣ್ಣು ಒರೆಸಿಕೊಂಡಳು. "ನಿನ್ನ ಚಿಕ್ಕವ್ವನ ಮನೆಗೆ ಹೋಗ್ತೀನಿ! ಎರಡು ದಿನ ನೆಮ್ಮದಿಯಾಗಿ ಇದ್ದು ಬರ್ತೀನಿ! ಇನ್ಮೇಲೆ ಮಡಿಲಲ್ಲಿ ಏನೂ ಇಟ್ಕೋಬೇಡ. ಅದು ಒಬ್ಬರ ಗಾಡಿ. ಒಬ್ಬರೇ ಕೂರಬೇಕು. ತಿಳೀತಾ?"

ತಿಳೀತು ಅಂದೆ.

ಅವ್ವ ಹೋದಳು. ಅಮಾವಾಸ್ಯೆ ಬಂತು. ಬಾವ ಬಂದು ಜಗಲಿ ಮೇಲೆ ಕೂತರು. ಅಷ್ಟರಲ್ಲಿ ಫೋನು. ಅವ್ವ!

"ಪುಟ್ಟಬುದ್ಧಿ, ಬಸ್ಸಿಳಿಯೋವಾಗ ಮಂಡಿ ಉಳುಕಿತು ಕಣೋ. ಹೆಜ್ಜೆ ಎತ್ತಿಡೋಕಾಗ್ತಿಲ್ಲ. ಇಲ್ಲೇ ನಮ್ಮ ದೊಡ್ಡ ರಸ್ತೆ ಬಸ್ ಸ್ಟಾಪಲ್ಲಿ ಕೂತಿದ್ದೀನಿ. ಯಾರನ್ನಾದ್ರೂ ಕಳಿಸು."

ಬಾವ ಎದ್ದರು. ನಾನು ಹೇಳಿದೆ, "ನೀವು ಕೂತ್ಕೊಳ್ಳಿ ಬಾವ. ನಮ್ಮವ್ವನ್ನ ನಾನು ಕರ್ಕೊಂಡು ಬರ್ತೀನಿ."

ಹೊರಟೆ ನೋಡಿ! ಮೂಲೆಯಲ್ಲಿ ತಿರುಗೋ ಕಡೆಗೆ ಕೈ ಚಾಚಿದೆ. ಅದೇ ಎಮ್ಮೆ ಮಲಗಿತ್ತು, ಸುತ್ಕೊಂಡು ಹೋದೆ. ಲಾರಿ ಬಂತು, ಎದೆ ಹೊಡ್ಕೊಂಡ್ತು, ಹಿಡಿ ಬಿಟ್ಟೆ, ಗಾಡಿ ನಿಂತಿತು. ಲಾರಿ ಹೋಯಿತು. ನಾನು ದಾಟಿದೆ. ಹುಟ್ಟಿದಾಗಿನಿಂದ ಮೊದಲ ಸಲ ಒಬ್ಬನೇ ದೊಡ್ಡ ರಸ್ತೆ ದಾಟಿದೆ!

ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಅವ್ವ ಬಾಯಿ ಬಿಟ್ಕೊಂಡು ನೋಡ್ತಿದ್ದಳು. "ಒಬ್ಬನೇ ಬಂದ್ಯಾ? ಒಬ್ಬನೇ ಬಂದ್ಯೇನೋ ನನ್ನಪ್ಪ?" ಅಂತ ನನ್ನ ಕೆನ್ನೆ ಸವರಿದಳು.

ನನಗೆ ಎದೆ ಉಬ್ಬಿತು. "ಒಬ್ಬರ ಗಾಡಿ ಅಲ್ವೇನವ್ವ? ಒಬ್ಬರೇ ಕೂರಬೇಕು. ತಗೋ, ನೀನು ಕೂತ್ಕೋ" ಅಂತ ಇಳಿದು ಬೆಂಚಿನ ಮೇಲೆ ಕೂತೆ. ಸಂತೋಷದಲ್ಲಿ ಅವ್ವನಿಗೂ ಏನೂ ಹೊಳೀಲಿಲ್ಲ. ಕೂತಳು, ಹಿಡಿ ಒತ್ತಿದಳು, ಕೈ ಚಾಚಿ ತಿರುಗಿಸಿದಳು, ಹೊರಟೇ ಹೋದಳು. ಎಷ್ಟು ಚೆನ್ನಾಗಿ ಓಡಿಸ್ತಾಳೆ ನಮ್ಮವ್ವ!

ಮನೆ ಮುಂದೆ ಬಾವ ಕೇಳಿದರಂತೆ, "ಅತ್ತೆ, ಪುಟ್ಟಬುದ್ಧಿ ಎಲ್ಲಿ?"

"ಅಯ್ಯಯ್ಯೋ! ನನ್ನ ಮಗನ್ನ ಅಲ್ಲೇ ಬಿಟ್ಟು ಬಂದೆ!"

ಬಾವ ತಡೆಯೋ ಮುಂಚೆ ಗಾಡಿ ತಿರುಗಿಸಿಕೊಂಡು ಓಡೋಡಿ ಬಂದಳು. "ಏಳು ಮಗ, ಏಳು, ಹೊಟ್ಟೆ ಹಸಿದಿರುತ್ತೆ, ನೀನು ಮನೆಗೆ ಹೋಗು!" ಅಂತ ನನ್ನ ಕೂರಿಸಿ ಬೆಂಚಿನ ಮೇಲೆ ಕೂತಳು. ನಾನು ಲಾರಿ, ಎಮ್ಮೆ ಎಲ್ಲ ದಾಟಿ ಜಗಲಿ ಮುಂದೆ ಬಂದು ನಿಂತೆ.

ಬಾವ ಗಾಡಿ ನೋಡಿದರು, ನನ್ನ ನೋಡಿದರು, ನನ್ನ ಹಿಂದಿನ ಖಾಲಿ ಬೀದಿ ನೋಡಿದರು.

"ಕಲಿತಿದ್ದೀಯಪ್ಪ, ಗಾಡಿ ನಿಂದೇ," ಅಂದರು. "ಅತ್ತೆ ಎಲ್ಲಿ?"

"ಬಸ್ ಸ್ಟಾಪಲ್ಲಿದ್ದಾಳೆ ಬಾವ, ಮಂಡಿ ಉಳುಕಿದೆಯಂತೆ. ನೀವು ಕೂತ್ಕೊಳ್ಳಿ, ನಾನು ಹೋಗಿ ಕರ್ಕೊಂಡು ಬರ್ತೀನಿ!"